ಟ್ರಯಂಫ್ ಹೆರಾಲ್ಡ್ ಕಾರಿನ ಹಿಂಬದಿಯ ಸಸ್ಪೆನ್ಷನ್ ಮತ್ತು ಅದರ ಸುಧಾರಣೆ

ಟ್ರಯಂಫ್ ಹೆರಾಲ್ಡ್ ಎಂಬುದು ಇಂಗ್ಲೆಂಡಿನ ಕವೆಂಟ್ರಿ ನಗರದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯು 1959ರ ಏಪ್ರಿಲ್ ತಿಂಗಳಿನಲ್ಲಿ ಮಾರುಕಟ್ಟೆಗೆ ತಂದ, ನಾಲ್ವರು ಕುಳಿತುಕೊಳ್ಳತಕ್ಕ, ಸುಮಾರು 800 ಕಿಲೋಗ್ರಾಂ ತೂಕದ ಸಣ್ಣ ಕಾರು. ಹ್ಯಾರಿ ವೆಬ್‌ಸ್ಟರನ ನೇತೃತ್ವದಲ್ಲಿ ಕಂಪನಿಯ ಎಂಜಿನಿಯರುಗಳು ಇದರ ಯಂತ್ರಭಾಗಗಳನ್ನು ರೂಪಿಸಿದರು. ಇಟಲಿಯ ಟ್ಯೂರಿನ್ ನಗರದ ಜೊವಾನಿ ಮಿಕೆಲೊಟ್ಟಿ ಇದರ ಮೈಕಟ್ಟನ್ನು ಚಿತ್ರಿಸಿಕೊಟ್ಟನು. ಎಂಜಿನ್ನಿನ ಮುಚ್ಚಳವು ಎರಡು ಮಡ್‌ಗಾರ್ಡುಗಳನ್ನೂ ಹೊತ್ತುಕೊಂಡು ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುವುದು, 25 ಅಡಿಗಳ ವೃತ್ತದೊಳಗೆ ಇಡೀ ಕಾರು ತಿರುಗಿಬಿಡುವುದು, ಪ್ರತಿಯೊಂದು ಹೊರಪಟ್ಟಿಯೂ ಬೋಲ್ಟು ಬಿಚ್ಚಿದರೆ ಕೈಗೆ ಬರುವುದು, ಈ ಸೌಕರ್ಯಗಳಿಂದ ಅದು ಜನಪ್ರಿಯವಾಗಿ, 1971ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 5 ಲಕ್ಷಕ್ಕೂ ಮೀರಿದ ಸಂಖ್ಯೆಯಲ್ಲಿ ಮಾರಾಟವಾಗಿದ್ದಿತು. ಇಷ್ಟೆಲ್ಲ ಸದ್ಗುಣಗಳಿದ್ದ ಈ ವಾಹನಕ್ಕೆ ಅಪಕೀರ್ತಿಯನ್ನು ತಂದುದು ಅದರ ಹಿಂಬದಿಯ ಸಸ್ಪೆನ್ಷನ್. ಆ ರಚನೆಯ ದೋಷವೆಲ್ಲಿದೆ, ಅದನ್ನು ಕಾರ್ಖಾನೆಯೂ ಆಮೇಲಿನ ಕಾರುಪ್ರಿಯರೂ ಯಾವ ಯಾವ ಬಗೆಯಲ್ಲಿ ತಿದ್ದಿದರು, ಇಂದು ಹಳೆಯ ಹೆರಾಲ್ಡನ್ನು ಉಳಿಸಿಕೊಂಡಿರುವವರು ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುವುದು ಉಚಿತ, ಎಂಬುದೇ ಈ ಲೇಖನದ ವಿಷಯ.

ಹೆರಾಲ್ಡಿಗೆ ಪೂರ್ವಜವಾಗಿದ್ದ ಸ್ಟ್ಯಾಂಡರ್ಡ್ ಎಯ್ಟ್ ಮತ್ತು ಸ್ಟ್ಯಾಂಡರ್ಡ್ ಟೆನ್ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚು ಕೂಡಿಸುತ್ತಿದ್ದಿತು. ಆ ಅಚ್ಚನ್ನು ಕಾರಿನ ಉದ್ದಕ್ಕೆ ಸಮಾಂತರವಾಗಿ ಹಾಸಿದ ಎರಡು ಕಮಾನು ಸ್ಪ್ರಿಂಗುಗಳು ಹೊತ್ತಿದ್ದುವು. ಹೊಸ ಕಾರಿನಲ್ಲಿ ಈ ಸಂಪ್ರದಾಯವನ್ನು ಬಿಡುವ ಅವಕಾಶವನ್ನು ಒಂದು ವಾಣಿಜ್ಯಘಟನೆ ಒದಗಿಸಿತೆಂದು ಹೇಳಬಹುದು. ಕಂಪನಿಗೆ ಕಾರಿನ ಮೈಯನ್ನು ಒದಗಿಸುತ್ತಿದ್ದ ಫಿಶರ್ ಅಂಡ್ ಲಡ್ಲೊ ಸಂಸ್ಥೆಯನ್ನು 1953ರಲ್ಲಿ ಪ್ರತಿಸ್ಪರ್ಧಿಯಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕೊಂಡುಕೊಂಡುದರಿಂದ, ಇಡಿಯ ಮೈಯನ್ನು ಒಂದೇ ಕಡೆ ಒತ್ತಿಸಿ ತರುವ ದಾರಿ ಮುಚ್ಚಿಹೋಗಿ, ಬೇರೆ ಬೇರೆ ಕಾರ್ಖಾನೆಗಳಲ್ಲಿ ಒತ್ತಿದ ಭಾಗಗಳನ್ನು ಪ್ರತ್ಯೇಕವಾದ ಉಕ್ಕಿನ ಚಾಸಿಯ ಮೇಲೆ ಬೋಲ್ಟುಗಳಿಂದ ಬಿಗಿಯುವ ಕ್ರಮವನ್ನು ಸ್ಟ್ಯಾಂಡರ್ಡ್-ಟ್ರಯಂಫ್ ಅನುಸರಿಸಬೇಕಾಯಿತು. ಚಾಸಿಯನ್ನೇ ಹೊಸದಾಗಿ ರಚಿಸುವಾಗ ಹಿಂದಿನ ಚಕ್ರಗಳಿಗೆ ಪರಸ್ಪರ ಸ್ವಾತಂತ್ರ್ಯವನ್ನು ಕೊಡಬೇಕೆಂಬ ಉತ್ಸಾಹ ಎಂಜಿನಿಯರುಗಳಲ್ಲಿ ಮೂಡಿದುದು ಸಹಜ. ಆದರೆ ಕಾರಿನ ಬೆಲೆ ಏರಬಾರದೆಂಬ ನಿರ್ಬಂಧವೂ ಅಷ್ಟೇ ಪ್ರಬಲವಾಗಿದ್ದುದರಿಂದ, ಸ್ವತಂತ್ರ ಸಸ್ಪೆನ್ಷನ್ನುಗಳಲ್ಲೆಲ್ಲ ಅಗ್ಗವಾದ ಸ್ವಿಂಗ್ ಆಕ್ಸಲ್ ಪದ್ಧತಿಯನ್ನು ಅವರು ಕೈಕೊಂಡರು.

ಈ ಪದ್ಧತಿ ಅವರ ಆವಿಷ್ಕಾರವಲ್ಲ. ಎಡ್ಮಂಡ್ ರುಂಪ್ಲರ್ ಎಂಬ ಎಂಜಿನಿಯರು 1903ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಹಾನ್ಸ್ ಲೆಡ್ವಿಂಕನು 1923ರಲ್ಲಿ ಹೊರಬಂದ ಟಾಟ್ರ 11 ಕಾರಿನಲ್ಲಿ ಇದನ್ನು ಯಶಸ್ವಿಯಾಗಿ ಬಳಸಿ ಮಧ್ಯಯೂರೋಪಿನ ಕಾರುಗಳಿಗೆ ಮೇಲ್ಪಂಕ್ತಿಯನ್ನು ಹಾಕಿದನು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಮತ್ತು ಮರ್ಸಿಡಿಸ್ ಬೆಂಜ್ ಕಾರುಗಳು ಅದೇ ಜಾಡಿನಲ್ಲಿ ನಡೆದುವು. ಕೆಟ್ಟ ರಸ್ತೆಯಲ್ಲಿ ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೆ ಇನ್ನೊಂದು ಅಲುಗದಿರುವುದು, ಭಾರವಾದ ಡಿಫರೆನ್ಶಿಯಲ್ಲು ಚಕ್ರಗಳೊಡನೆ ಏರಿಳಿಯದೆ ಚಾಸಿಗೆ ಅಂಟಿಕೊಂಡಿರುವುದು, ಇದರಿಂದ ಪ್ರಯಾಣಿಕರ ಬೆನ್ನಿಗೆ ಬೀಳುವ ಪೆಟ್ಟು ಕಡಮೆಯಾಗುವುದು, ಇವು ಅದರ ಲಾಭಗಳು. ನಿಧಾನವಾಗಿ ಚಲಿಸುವ ಕಾರಿನಲ್ಲಿ ಈ ಲಾಭಗಳೇ ಎದ್ದು ಕಾಣುತ್ತವೆ.

ಹೆರಾಲ್ಡಿನ ಹಿಂಬದಿಯನ್ನು ಕೆಳಗಿನಿಂದ ನೋಡಿದರೆ ಅದರ ರಚನೆ ಬಹು ಸರಳವಾಗಿ ತೋರುತ್ತದೆ. ಚಾಸಿಯ ನಡುವೆ, ರಬ್ಬರ್ ಬುಷ್‌ಗಳ ಆಸರೆಯಲ್ಲಿ ಡಿಫರೆನ್ಶಿಯಲ್ಲಿನ ಕವಚ ಕುಳಿತಿರುತ್ತದೆ. ಅದರ ಎಡಬಲಗಳಿಂದ ಒಂದೊಂದು ಅರೆ ಅಚ್ಚು ಹೊರಟು ಚಕ್ರವನ್ನು ಸೇರುತ್ತದೆ. ಈ ಅರೆ ಅಚ್ಚಿಗೆ ಒಳತುದಿಯಲ್ಲಿ ಮಾತ್ರ ಒಂದು ಯುನಿವರ್ಸಲ್ ಜಾಯಿಂಟು ಇದೆ, ಹೊರತುದಿಯಲ್ಲಿ ಇಲ್ಲ. ಆದುದರಿಂದ ಚಕ್ರವು ಅರೆ ಅಚ್ಚಿಗೆ ಸದಾ ಲಂಬವಾಗಿಯೇ ನಿಂತು, ಕೀಲಿನಲ್ಲಿ ತಿರುಗುವ ಬಾಗಿಲಿನಂತೆ, ಒಳಗಿನ ಜಾಯಿಂಟನ್ನು ಕೇಂದ್ರವಾಗಿಟ್ಟುಕೊಂಡು ಮೇಲಕ್ಕೂ ಕೆಳಕ್ಕೂ ಕಂಸಾಕಾರವಾಗಿ ಚಲಿಸುತ್ತದೆ. ಡಿಫರೆನ್ಶಿಯಲ್ಲಿನ ನೆತ್ತಿಯ ಮೇಲೆ, ಕಾರಿನ ಅಡ್ಡಲಾಗಿ, ಹಲವು ಉಕ್ಕಿನ ಪಟ್ಟಿಗಳ ಒಂದೇ ಕಮಾನು ಸ್ಪ್ರಿಂಗನ್ನು ಸ್ಟಡ್ಡು ನಟ್ಟುಗಳಿಂದ ಬಲವಾಗಿ ಬಿಗಿದಿದ್ದಾರೆ. ಅದರ ಎರಡು ತುದಿಗಳ ಕಣ್ಣುಗಳು ಚಕ್ರದ ಹಿಂದೆ ನಿಂತಿರುವ ಲಂಬಕೊಂಡಿಗಳ ತಲೆಯನ್ನು ಹಿಡಿದಿರುತ್ತವೆ. ಕೊಂಡಿಯ ಬುಡ ಚಕ್ರದ ಬೇರಿಂಗ್ ಮನೆಗೆ ನೈಲಾನ್ ಬುಷ್‌ಗಳ ಮೂಲಕ ಸೇರುತ್ತದೆ. ಚಕ್ರ ಹಿಂದಕ್ಕೂ ಮುಂದಕ್ಕೂ ಸರಿಯದಂತೆ ತಡೆಯಲು ಪ್ರತಿ ಪಾರ್ಶ್ವದಲ್ಲಿಯೂ ಮುಂದಕ್ಕೆ ಚಾಚಿದ ಒಂದು ರೇಡಿಯಸ್ ಸರಳು, ಓಲಾಟವನ್ನು ಶಮನಗೊಳಿಸಲು ಒಂದು ಶಾಕ್ ಅಬ್ಸಾರ್ಬರು. ಇಷ್ಟೇ ಸಾಮಗ್ರಿ.

ದೋಷವು ಪ್ರಕಟವಾಗುವುದು ಬಿರುಸಾಗಿ ತಿರುವನ್ನು ಹಿಡಿದಾಗ. ಕಾರು ಬಲಕ್ಕೆ ತಿರುಗುತ್ತಿದೆಯೆಂದು ಭಾವಿಸೋಣ. ಭಾರವೆಲ್ಲ ಎಡಗಡೆಯ, ಅಂದರೆ ಹೊರಗಿನ ಚಕ್ರಗಳ ಮೇಲೆ ವಾಲುತ್ತದೆ, ಮತ್ತು ಕಾರನ್ನು ತಿರುವಿನೊಳಕ್ಕೆ ಎಳೆಯತಕ್ಕ ಪಾರ್ಶ್ವಬಲವನ್ನು ಆ ಹೊರಚಕ್ರದ ಟೈರೇ ನೆಲದಿಂದ ಪಡೆದುಕೊಳ್ಳುತ್ತದೆ. ಈ ಬಲ ವರ್ತಿಸುವುದು ನೆಲದ ಮಟ್ಟದಲ್ಲಿ. ಅರೆ ಅಚ್ಚಿನ ಕೀಲಿರುವುದು ನೆಲದಿಂದ ಸುಮಾರು 28 ಸೆಂಟಿಮೀಟರ್ ಎತ್ತರದಲ್ಲಿ. ಕೀಲಿನಿಂದ ಚಕ್ರಕ್ಕಿರುವ ಅಡ್ಡದೂರ ಸುಮಾರು ಅರ್ಧ ಮೀಟರು. ಹೀಗಿರುವಲ್ಲಿ ಟೈರು ಒಳಮುಖವಾಗಿ 200 ಕಿಲೋಗ್ರಾಂ ಬಲದಿಂದ ತಳ್ಳಲ್ಪಟ್ಟರೆ, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಎಂದರೆ 110 ಕಿಲೋಗ್ರಾಮಿನಷ್ಟು, ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುವ ಬಲವಾಗಿ ಪರಿಣಮಿಸುವುದು. ಒಳಗಿನ ಚಕ್ರ ಇದಕ್ಕೆ ವಿರುದ್ಧವಾಗಿ ಕಾರನ್ನು ಕೆಳಕ್ಕೆಳೆಯುವುದು ದಿಟವಾದರೂ, ಭಾರ ಕಳೆದುಕೊಂಡ ಆ ಚಕ್ರಕ್ಕೆ ಅಷ್ಟು ಶಕ್ತಿ ಉಳಿದಿರುವುದಿಲ್ಲ. ಹಿಂಭಾಗ ಎದ್ದೊಡನೆ ಚಕ್ರ ತನ್ನ ಕಂಸದಲ್ಲಿ ಕೆಳಗಿಳಿದು, ಅದರ ಬುಡ ಕಾರಿನ ಒಳಕ್ಕೆ ಸರಿದು, ತಲೆ ಹೊರಕ್ಕೆ ವಾಲುತ್ತದೆ. ಚಕ್ರದ ಈ ಓರೆಗೆ ಕ್ಯಾಂಬರ್ ಎಂದು ಹೆಸರು. ತಲೆ ಹೊರಕ್ಕೆ ವಾಲಿದರೆ ಧನ ಕ್ಯಾಂಬರ್, ಒಳಕ್ಕೆ ವಾಲಿದರೆ ಋಣ ಕ್ಯಾಂಬರ್. ಧನ ಕ್ಯಾಂಬರಿನಲ್ಲಿ ಟೈರು ಅಂಚಿನ ಮೇಲೆ ನಿಂತು ಹಿಡಿತವನ್ನು ಸಡಿಲಿಸುತ್ತದೆ. ಕಾರಿನ ಹಿಂಭಾಗ ಒಮ್ಮೆಲೆ ಹೊರಕ್ಕೆ ಜಾರುತ್ತದೆ. ಗಾಬರಿಗೊಂಡ ಚಾಲಕನು ಆ ಕ್ಷಣದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಲ್ಲವೆ ಬ್ರೇಕ್ ಒತ್ತಿದರೆ, ಭಾರ ಮುಂದಕ್ಕೆ ಹರಿದು ಹಿಂಭಾಗ ಇನ್ನಷ್ಟು ಏಳುವುದರಿಂದ ಅನಾಹುತ ಪೂರ್ಣವಾಗುತ್ತದೆ. ಯಾವ ಪ್ರತಿಕ್ರಿಯೆ ಮನುಷ್ಯನಿಗೆ ಸ್ವಭಾವಸಿದ್ಧವೋ ಅದೇ ಇಲ್ಲಿ ಅಪಾಯಕಾರಿ. ಈ ರಚನೆಯ ಮೇಲಿನ ಆಕ್ಷೇಪಗಳಲ್ಲಿ ಇದಕ್ಕಿಂತ ಗಂಭೀರವಾದುದು ಇನ್ನೊಂದಿಲ್ಲವೆಂಬುದು ನಿಶ್ಚಯ.

ಸ್ವಿಂಗ್ ಆಕ್ಸಲಿನ ಎಲ್ಲ ಕಾರುಗಳಿಗೂ ಸಾಮಾನ್ಯವಾದ ಈ ದೋಷವನ್ನು ಹೆರಾಲ್ಡಿನಲ್ಲಿ ಹೆಚ್ಚಿಸಿದುದು ಬಿಗಿದು ಕಟ್ಟಿದ ಅಡ್ಡ ಕಮಾನು. ಕಾರು ಒಂದು ಪಕ್ಕಕ್ಕೆ ವಾಲಿದಾಗ ಕಮಾನಿನ ಒಂದು ತುದಿ ಮೇಲೇಳಬೇಕು, ಇನ್ನೊಂದು ಕೆಳಗಿಳಿಯಬೇಕು. ನಡು ಅಲುಗದಂತೆ ಸ್ಥಿರವಾಗಿರುವುದರಿಂದ ಅದು ಈ ವಾಲುವಿಕೆಯನ್ನು ಬಲವಾಗಿ ಪ್ರತಿರೋಧಿಸುತ್ತದೆ. ವಾಲುವುದು ತಪ್ಪಿತೆಂದು ಪ್ರಯಾಣಿಕನು ಸಂತೋಷಪಡಬಹುದು, ಆದರೆ ಪ್ರತಿರೋಧದ ಬೆಲೆಯನ್ನು ತೆರುವುದು ಒಳಚಕ್ರ: ಅದರ ಮೇಲಿನ ಭಾರವನ್ನೆಲ್ಲ ಕಮಾನು ಹೊರಚಕ್ರಕ್ಕೆ ವರ್ಗಾಯಿಸುತ್ತದೆ. ಹೊರಚಕ್ರ ಹೊರುವ ಪಾಲು ಹೆಚ್ಚಿದಷ್ಟೂ ಮೇಲಕ್ಕೆತ್ತುವ ಬಲ ಹೆಚ್ಚುತ್ತದೆ, ಕೆಳಕ್ಕೆಳೆಯುವ ಬಲ ಕುಗ್ಗುತ್ತದೆ. ಈ ಕಾರ್ಯಕಾರಣಸಂಬಂಧವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ಬರುವ ಪರಿಹಾರಗಳಲ್ಲಿ ಯಾವುದು ರೋಗದ ಬೇರನ್ನು ಮುಟ್ಟುತ್ತದೆ, ಯಾವುದು ಲಕ್ಷಣವನ್ನು ಮಾತ್ರ ಮರೆಮಾಡುತ್ತದೆ ಎಂಬುದು ತಾನಾಗಿಯೇ ವಿಶದವಾಗುತ್ತದೆ.

ಹೊರೆಯ ಪರಿಣಾಮವನ್ನೂ ಇಲ್ಲಿ ಹೇಳಬೇಕು. ಹಿಂದಿನ ಆಸನದಲ್ಲಿ ಇಬ್ಬರು ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಕಾರು ತಗ್ಗಿ, ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ. ಆಗ ಕಾರು ತಿರುವಿನಲ್ಲಿ ಗಾಂಭೀರ್ಯದಿಂದ ವರ್ತಿಸುತ್ತದೆ, ಆದರೆ ಟೈರುಗಳ ಒಳ ಅಂಚು ಬೇಗ ಸವೆಯುತ್ತದೆ. ಚಾಲಕನೊಬ್ಬನೇ ಇರುವಾಗ ಹಿಂಭಾಗ ಎತ್ತರಿಸಿ ನಿಂತು ಚಕ್ರಗಳು ಧನ ಕ್ಯಾಂಬರಿನ ಕಡೆಗೆ ಹೊರಳುತ್ತವೆ. ಅಪಾಯ ಹೆಚ್ಚಾಗಿರುವುದು ಈ ಸ್ಥಿತಿಯಲ್ಲಿ. ಅರೆ ಅಚ್ಚು ಅರ್ಧ ಮೀಟರಿನಷ್ಟೇ ಉದ್ದವಿರುವುದರಿಂದ 25 ಮಿಲಿಮೀಟರಿನ ಏರಿಳಿತ ಸುಮಾರು 3 ಡಿಗ್ರಿಗಳಷ್ಟು ಓರೆಯನ್ನು ಬದಲಾಯಿಸಿಬಿಡುತ್ತದೆ. ಗಟ್ಟಿ ಅಚ್ಚಿನ ಕಾರಿನಲ್ಲಿ ಹೊರೆಯಿಂದ ಕ್ಯಾಂಬರು ಬದಲಾಗುವ ಪ್ರಶ್ನೆಯೇ ಏಳುವುದಿಲ್ಲ.

ಈ ದೋಷ ಹೆರಾಲ್ಡಿನ ಕಾಲದಲ್ಲಿ ಜಗತ್ತಿನ ಅನೇಕ ಕಂಪನಿಗಳನ್ನು ಕಾಡಿದ್ದಿತು. ಅಮೆರಿಕದ ಷೆವ್ರೊಲೆ ಕಾರ್ವೇರ್ ಕಾರನ್ನು ರಾಲ್ಫ್ ನೇಡರ್ 1965ರಲ್ಲಿ ಪ್ರಕಟವಾದ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಕಟುವಾಗಿ ಖಂಡಿಸಿದನು. ಕಂಪನಿಯು ಅದಕ್ಕೆ ಮುಂಚೆಯೇ, 1964ರ ಮಾದರಿಗೆ ಹಿಂದೆ ಒಂದು ಅಡ್ಡ ಕಮಾನನ್ನು ಸೇರಿಸಿ, 1965ರ ಮಾದರಿಯಲ್ಲಿ ಸ್ವಿಂಗ್ ಆಕ್ಸಲನ್ನೇ ತ್ಯಜಿಸಿದ್ದಿತು. ಬೀಟಲ್ ಕಾರಿಗೆ 1967ರಲ್ಲಿ ಎರಡು ಅಚ್ಚುಗಳ ನಡುವೆ ಹೊರೆಯನ್ನು ಹಂಚುವ ಒಂದು ಸರಳು ಬಂದಿತು. ಆಮೇಲೆ ಅಮೆರಿಕದ ಮಾರುಕಟ್ಟೆಗಾಗಿ ತಯಾರಾದ ಬೀಟಲ್‌ಗಳಲ್ಲಿ ಪ್ರತಿ ಅರೆ ಅಚ್ಚಿಗೂ ಎರಡೆರಡು ಜಾಯಿಂಟುಗಳುಳ್ಳ ರಚನೆ ನೆಲೆಗೊಂಡಿತು.

ಹೆರಾಲ್ಡಿನ 948 ಸಿಸಿ ಎಂಜಿನ್ನು ಕೊಡುತ್ತಿದ್ದ ಶಕ್ತಿ ಸುಮಾರು 35 ಅಶ್ವಶಕ್ತಿ ಮಾತ್ರವಾದುದರಿಂದ ಮೊದಮೊದಲು ಆತುರವೇನೂ ಕಾಣಲಿಲ್ಲ. ಆದರೆ ಅದೇ ಚಾಸಿಯ ಮೇಲೆ 1962ರಲ್ಲಿ ಆರು ಸಿಲಿಂಡರುಗಳ ವಿಟೆಸ್ಸೆಯೂ, ಅದನ್ನೇ ಮೊಟಕುಗೊಳಿಸಿ ಸ್ಪಿಟ್‌ಫೈರ್ ಎಂಬ ಎರಡು ಆಸನದ ಕ್ರೀಡಾಕಾರೂ, 1966ರಲ್ಲಿ 2 ಲೀಟರ್ ಎಂಜಿನ್ನಿನ ಜಿಟಿ6 ಕೂಡ ಹುಟ್ಟಿಬಂದಮೇಲೆ, ಶಕ್ತಿ ಹೆಚ್ಚಿ ಸಸ್ಪೆನ್ಷನ್ನು ಹಿಂದುಳಿಯಿತು. ಪತ್ರಿಕೆಗಳ ಟೀಕೆ ತೀವ್ರವಾದಾಗ, 1968ರಲ್ಲಿ ಜಿಟಿ6 ಎರಡನೆಯ ಮಾದರಿಗೂ ವಿಟೆಸ್ಸೆ ಎರಡನೆಯ ಮಾದರಿಗೂ ಕಾರ್ಖಾನೆ ಹೊಸ ಹಿಂಬದಿಯನ್ನು ಕೊಟ್ಟಿತು. ಇದರಲ್ಲಿ ಅಡ್ಡ ಕಮಾನು ಮೇಲಿನ ತೋಳಾಗಿ ಉಳಿದು, ಕೆಳಗೆ ಚಾಸಿಯಿಂದ ಚಕ್ರದವರೆಗೆ ಅಗಲವಾದ ಒಂದು ವಿಶ್‌ಬೋನ್ ಸೇರಿ, ಚಕ್ರದ ಓರೆಯನ್ನು ಈ ಎರಡು ತೋಳುಗಳೇ ನಿಯಂತ್ರಿಸತೊಡಗಿದುವು. ಅರೆ ಅಚ್ಚಿನ ನಡುವೆ ರೋಟೊಫ್ಲೆಕ್ಸ್ ಎಂಬ ದಪ್ಪ ರಬ್ಬರಿನ ಬಳೆಯಾಕಾರದ ಜೋಡಣೆ ಬಂದು, ಅಚ್ಚು ಬಾಗುವುದಕ್ಕೂ ಉದ್ದ ಕುಗ್ಗಿ ಹಿಗ್ಗುವುದಕ್ಕೂ ಅವಕಾಶವಾಯಿತು. ರಸ್ತೆಯ ಮೇಲೆ ಫಲ ಉತ್ತಮವಾಗಿದ್ದಿತು. ಕಾರ್ಯಾಗಾರದಲ್ಲಿ ಕಥೆ ಬೇರೆ: ರಬ್ಬರು ಎಣ್ಣೆಗೂ ವಯಸ್ಸಿಗೂ ಸೋತು ಬಿರಿಯುತ್ತದೆ, ಹೊಸದನ್ನು ಕೂರಿಸಲು ಅದರ ಸುತ್ತ ಲೋಹದ ಪಟ್ಟಿಯನ್ನು ಬಿಗಿದು ಕುಗ್ಗಿಸಿಟ್ಟುಕೊಂಡೇ ಬೋಲ್ಟು ಹಾಕಬೇಕು, ಭಾಗಗಳ ಸಂಖ್ಯೆಯೂ ಖರ್ಚೂ ಇಮ್ಮಡಿ.

ಹೆಚ್ಚು ಗೌರವಕ್ಕೆ ಪಾತ್ರವಾಗಬೇಕಾದ ಪರಿಹಾರ 1970ರಲ್ಲಿ ಸ್ಪಿಟ್‌ಫೈರ್ ನಾಲ್ಕನೆಯ ಮಾದರಿಯೊಡನೆ ಬಂದಿತು. ಅರೆ ಅಚ್ಚನ್ನಾಗಲಿ ಲಂಬಕೊಂಡಿಯನ್ನಾಗಲಿ ಮುಟ್ಟದೆ, ಕಮಾನನ್ನು ಹಿಡಿದಿಡುವ ಕ್ರಮವೊಂದನ್ನೇ ಎಂಜಿನಿಯರುಗಳು ಬದಲಾಯಿಸಿದರು. ಪಟ್ಟಿಗಳಲ್ಲಿ ಒಂದನ್ನು ಮಾತ್ರ ಡಿಫರೆನ್ಶಿಯಲ್ಲಿಗೆ ಬಿಗಿದು, ಉಳಿದುವನ್ನೆಲ್ಲ ನಡುವಿನ ಒಂದು ಪೆಟ್ಟಿಗೆಯೊಳಗೆ ತೊಟ್ಟಿಲಾಡುವಂತೆ ಬಿಟ್ಟರು. ಎರಡು ಚಕ್ರಗಳೂ ಒಟ್ಟಿಗೆ ಏರಿದಾಗ, ಹಳ್ಳದಲ್ಲಿ ಇಳಿದಾಗ, ಹೊರೆ ಹೇರಿದಾಗ, ಕಮಾನು ಮೊದಲಿನಂತೆಯೇ ಪೂರ್ಣಶಕ್ತಿಯಿಂದ ಹೊರುತ್ತದೆ. ಕಾರು ಪಕ್ಕಕ್ಕೆ ವಾಲಿದಾಗಲಾದರೋ ಅದು ಪ್ರತಿರೋಧಿಸದೆ ತಾನೂ ಓರೆಯಾಗುತ್ತದೆ. ಒಳಚಕ್ರದಿಂದ ಭಾರವನ್ನು ಕಿತ್ತುಕೊಳ್ಳುವ ಕೆಲಸ ಹೀಗೆ ತಪ್ಪಿಹೋಗಿ, ಹಿಂಭಾಗವನ್ನು ಎತ್ತುವ ಬಲದ ಬುಡವೇ ಕಡಿದಂತಾಯಿತು. ಹಿಂದೆ ಕಳೆದುಹೋದ ಬಿಗುವನ್ನು ಮುಂದೆ ತುಂಬಿಕೊಡುವುದಕ್ಕಾಗಿ ಮುಂಬದಿಯ ಆಂಟಿ-ರೋಲ್ ಬಾರನ್ನು ದಪ್ಪ ಮಾಡಿದರು. ವಾಲುವಿಕೆಯನ್ನು ತಡೆಯುವ ಹೊಣೆ, ಅದನ್ನು ನಿರ್ಭಯವಾಗಿ ಹೊರಬಲ್ಲ ಮುಂದಿನ ಚಕ್ರಗಳಿಗೆ ಹೋಯಿತು. ಈ ರಚನೆಗೆ ಸ್ವಿಂಗ್ ಸ್ಪ್ರಿಂಗ್ ಎಂಬ ಹೆಸರು ರೂಢಿಗೆ ಬಂದಿದೆ. 1973ರಲ್ಲಿ ಕಂಪನಿಯು ಜಿಟಿ6 ಕಾರಿನಲ್ಲಿಯೂ ದುಬಾರಿಯಾದ ರೋಟೊಫ್ಲೆಕ್ಸನ್ನು ಕೈಬಿಟ್ಟು ಸ್ವಿಂಗ್ ಸ್ಪ್ರಿಂಗಿಗೆ ಮರಳಿತು. ಖರ್ಚನ್ನು ಉಳಿಸುವ ಉದ್ದೇಶವೇ ಮುಖ್ಯವಾಗಿದ್ದರೂ, ಎರಡು ಲೀಟರಿನ ಎಂಜಿನ್ನಿನ ಹಿಂದೆಯೂ ಈ ಸರಳ ಉಪಾಯವನ್ನು ನಂಬಿ ಮಾರಬಹುದಾಗಿದ್ದಿತೆಂಬುದು ಅದರ ಯೋಗ್ಯತೆಗೆ ದೊಡ್ಡ ಸಾಕ್ಷಿ. ವಿಷಾದದ ಸಂಗತಿಯೆಂದರೆ, ಈ ಎರಡು ಸುಧಾರಣೆಗಳಲ್ಲಿ ಒಂದೂ ಹೆರಾಲ್ಡಿಗೆ ಕಾರ್ಖಾನೆಯಿಂದ ದೊರೆಯಲಿಲ್ಲ. 1967ರಲ್ಲಿ ಬಂದ ಕೊನೆಯ ಮಾದರಿಯಾದ 13/60 ಕೂಡ 1971ರವರೆಗೆ ಮೊದಲಿನ ಬಿಗಿಕಮಾನಿನಲ್ಲಿಯೇ ನಡೆಯಿತು.

ಭಾರತದಲ್ಲಿ ಈ ಕಾರಿನ ಇತಿಹಾಸ ಇನ್ನೊಂದು ದಿಕ್ಕಿಗೆ ಹೊರಳಿತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು 1961ರಿಂದ ಇದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಅಂಬಾಸಿಡರ್ ಮತ್ತು ಫಿಯಟ್ 1100 ಕಾರುಗಳೊಡನೆ ಆ ದಶಕದ ಭಾರತೀಯನಿಗೆ ದೊರೆಯುತ್ತಿದ್ದ ಮೂರು ಆಯ್ಕೆಗಳಲ್ಲಿ ಇದೊಂದು, ಬೆಂಗಳೂರು ಮೈಸೂರುಗಳ ಬೀದಿಗಳಲ್ಲಿಯೂ ಪರಿಚಿತವಾದುದು. ಆ ಪ್ರತಿಸ್ಪರ್ಧಿಗಳೆರಡಕ್ಕೂ ಹಿಂದೆ ಇದ್ದುದು ಗಟ್ಟಿ ಅಚ್ಚು ಮತ್ತು ಉದ್ದನೆಯ ಕಮಾನುಗಳು. ನಮ್ಮ ಗ್ಯಾರೇಜುಗಳ ಕೈ ಪಳಗಿದ್ದುದೂ ಅದರಲ್ಲಿಯೇ. ನಾಲ್ವರ ಕಾರಿನಲ್ಲಿ ಆರೇಳು ಜನರನ್ನು ಕೂರಿಸಿ, ತಲೆಯ ಮೇಲೆ ಹಾಸಿಗೆ ಪೆಟ್ಟಿಗೆಗಳನ್ನು ಕಟ್ಟಿ ಊರಿಗೆ ಹೋಗುವ ಸಂಸಾರದ ಕೈಯಲ್ಲಿ ಸ್ವಿಂಗ್ ಆಕ್ಸಲು ಚಕ್ರಗಳನ್ನು ಒಳಕ್ಕೆ ಮಡಿಸಿಕೊಂಡು ಟೈರನ್ನು ತಿನ್ನುವುದೇ ಮುಖ್ಯ ದೂರಾಯಿತು. ಕೊಳ್ಳುವವರಿಗೂ ಮೆಕ್ಯಾನಿಕ್‌ಗಳಿಗೂ ಅದು ಒಗ್ಗಲಿಲ್ಲವಾದುದರಿಂದ, 1968ರಲ್ಲಿ ಭಾರತಕ್ಕಾಗಿಯೇ ನಾಲ್ಕು ಬಾಗಿಲಿನ ಹೆರಾಲ್ಡನ್ನು ಮಾಡಿದ್ದ ಸಂಸ್ಥೆಯು 1972ರಲ್ಲಿ ಗೆಝೆಲ್ ಎಂಬ ಹೊಸ ಕಾರನ್ನು ಹೊರತಂದಾಗ, ಅದೇ 948 ಸಿಸಿ ಎಂಜಿನ್ನನ್ನು ಉಳಿಸಿಕೊಂಡು ಹಿಂದಕ್ಕೆ ಗಟ್ಟಿ ಅಚ್ಚನ್ನು ಹಾಕಿತು. ಇಂಗ್ಲೆಂಡಿನ ಎಂಜಿನಿಯರು ಇದನ್ನು ಹಿನ್ನಡೆಯೆಂದು ಕರೆಯಬಹುದು. ರಸ್ತೆ, ಹೊರೆ ಮತ್ತು ದುರಸ್ತಿ ಮಾಡುವ ಕೈ, ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮದರಾಸಿನವರ ನಿರ್ಣಯ ವಿವೇಕಯುತವಾದುದೆಂದೇ ತೋರುತ್ತದೆ. ಏತಕ್ಕೆಂದರೆ ಸುಧಾರಣೆಯನ್ನು ಅಳೆಯಬೇಕಾದುದು ನಕ್ಷೆಯ ಜಾಣ್ಮೆಯಿಂದಲ್ಲ, ಕಾರು ನಡೆಯಬೇಕಾದ ನೆಲದಿಂದ.

ಇಂದು ಉಳಿದಿರುವ ಹೆರಾಲ್ಡುಗಳಿಗೆ ಅರ್ಧ ಶತಮಾನ ಮೀರಿದ ವಯಸ್ಸು. ಬ್ರಿಟನ್ನಿನಲ್ಲಿ 1977ರಲ್ಲಿ ಸ್ಥಾಪಿತವಾದ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ಬಿನಂಥ ಸಂಘಗಳ ಆಶ್ರಯದಲ್ಲಿ ಇವುಗಳ ಪೋಷಣೆ ನಡೆಯುತ್ತಿದೆ, ಹೊಸದಾಗಿ ತಯಾರಿಸಿದ ಬಿಡಿಭಾಗಗಳೂ ದೊರೆಯುತ್ತವೆ. ಸುಧಾರಣೆಯ ಉತ್ಸಾಹದಲ್ಲಿರುವವರು ಮೊದಲು ಕೈಹಾಕಬೇಕಾದುದು ಜೀರ್ಣೋದ್ಧಾರಕ್ಕೆ. ಹಿಂದಿನ ಚಕ್ರವನ್ನು ನೆಲದಿಂದೆತ್ತಿ, ಟೈರಿನ ತಲೆಯನ್ನೂ ಬುಡವನ್ನೂ ಹಿಡಿದು ಅಲುಗಿಸಿದಾಗ ಟಕ್ಕೆಂಬ ಸದ್ದು ಬಂದರೆ ಬೇರಿಂಗನ್ನೋ ಲಂಬಕೊಂಡಿಯ ನೈಲಾನ್ ಬುಷ್ಷನ್ನೋ ಶಂಕಿಸಬೇಕು. ಅರೆ ಅಚ್ಚನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುಚಿದಾಗ ಜಾಯಿಂಟಿನ ಬಳಿ ಸಡಿಲ ಕಂಡರೆ, ಅದರ ಶಿಲುಬೆಯಾಕಾರದ ಕ್ರಾಸ್ ಸವೆದಿದೆಯೆಂದು ತಿಳಿಯಬೇಕು. ರೇಡಿಯಸ್ ಸರಳಿನ ರಬ್ಬರುಗಳು ಹಿಂಡಿಹೋಗಿದ್ದರೆ ಚಕ್ರವು ಹಿಂದೆ ಮುಂದೆ ಸರಿದು, ಹಿಂದಿನ ಚಕ್ರಗಳೇ ಕಾರನ್ನು ತಿರುಗಿಸಲು ತೊಡಗುತ್ತವೆ. ಚಾಲಕನು ಇದನ್ನು ಸ್ವಿಂಗ್ ಆಕ್ಸಲಿನ ದೋಷವೆಂದೇ ಭ್ರಮಿಸುತ್ತಾನೆ. ಆ ಸರಳಿನ ಮುಂತುದಿಯ ಬ್ರಾಕೆಟ್ಟಿನ ಕೆಳಗೆ ಇರಿಸಿರುವ ತೆಳು ಲೋಹದ ಷಿಮ್‌ಗಳನ್ನು ಬಿಚ್ಚಿದಾಗ ಎಣಿಸಿಟ್ಟು, ಅಷ್ಟನ್ನೇ ಮರಳಿ ಹಾಕತಕ್ಕದ್ದು. ಎರಡು ಹಿಂಚಕ್ರಗಳ ನೇರ ನಿಂತಿರುವುದು ಅವುಗಳ ಮೇಲೆ. ಇವೆಲ್ಲವನ್ನೂ ಸರಿಪಡಿಸಿದ ಕಾರು, ಹೊಸ ಸಾಮಗ್ರಿಯೊಂದೂ ಇಲ್ಲದೆಯೇ, ಅದರ ಒಡೆಯನನ್ನು ಬೆರಗುಗೊಳಿಸುವಷ್ಟು ಚೆನ್ನಾಗಿ ನಡೆಯುವುದುಂಟು. ಟೈರುಗಳ ವಿಷಯದಲ್ಲಿ, ನಾಲ್ಕೂ ಒಂದೇ ಜಾತಿಯವಾಗಿರಬೇಕೆಂಬುದನ್ನೂ ಹಿಂದಿನವುಗಳಲ್ಲಿ ಮುಂದಿನವಕ್ಕಿಂತ ಹೆಚ್ಚು ಗಾಳಿ ಇರಬೇಕೆಂಬುದನ್ನೂ ಮರೆಯಬಾರದು.

ಆಮೇಲಿನ ಹೆಜ್ಜೆಯಾಗಿ ಹಲವರು ಕಾರಿನ ಹಿಂಭಾಗವನ್ನು ತಗ್ಗಿಸುತ್ತಾರೆ. ಕಮಾನಿಗೂ ಡಿಫರೆನ್ಶಿಯಲ್ಲಿಗೂ ನಡುವೆ ಲೋಹದ ದಿಮ್ಮಿಯೊಂದನ್ನಿಟ್ಟು ಉದ್ದವಾದ ಸ್ಟಡ್ಡುಗಳಿಂದ ಬಿಗಿದರೆ, ಇಲ್ಲವೆ ಕಮಾನಿನ ಬಾಗನ್ನೇ ಕಡಮೆ ಮಾಡಿಸಿದರೆ, ಚಕ್ರಗಳು ಆರಂಭದಿಂದಲೇ ಋಣ ಕ್ಯಾಂಬರಿನಲ್ಲಿ ನಿಂತು, ಧನದ ಕಡೆಗೆ ಹೊರಳುವ ಮುನ್ನ ಅಷ್ಟು ಅಂತರ ಸಿಗುತ್ತದೆ. ವಯಸ್ಸಾಗಿ ಸೋತ ಕಮಾನು ತಾನಾಗಿಯೇ ಈ ಫಲವನ್ನು ಕೊಡುವುದರಿಂದ, ಹೊಸ ಕಮಾನು ಹಾಕಿಸಿದ ಬಳಿಕ ಕಾರಿನ ನಡೆ ಕೆಟ್ಟಿತೆಂಬ ಮಾತು ಕಾರುಪ್ರಿಯರಲ್ಲಿ ಕೇಳಿಬರುತ್ತದೆ, ಅದರಲ್ಲಿ ಸತ್ಯವಿದೆ. ಆದರೆ ಇಲ್ಲಿ ಎತ್ತುವ ಬಲ ಹಾಗೆಯೇ ಉಳಿದಿದೆ, ಅದಕ್ಕೆ ದೂರ ಮಾತ್ರ ಹೆಚ್ಚಿದೆ. ಕಾರು ತಗ್ಗಿದಷ್ಟೂ ಚಕ್ರ ಮೇಲೇರಲು ಉಳಿದ ಜಾಗ ಕುಗ್ಗಿ, ಹೊರೆ ಹೇರಿದಾಗ ಅಚ್ಚು ತಡೆರಬ್ಬರಿಗೆ ಬಡಿಯುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ನಮ್ಮ ರಸ್ತೆಯುಬ್ಬುಗಳ ಮೇಲೆ ಓಡಬೇಕಾದ ಕಾರಿಗೆ ಒಂದು ಅಂಗುಲಕ್ಕಿಂತ ಹೆಚ್ಚಾಗಿ ತಗ್ಗಿಸುವುದು ಸರ್ವಥಾ ಸಲ್ಲದು. ಗಟ್ಟಿಯಾದ ಶಾಕ್ ಅಬ್ಸಾರ್ಬರುಗಳನ್ನು ಹಾಕುವುದರಿಂದ ಹಿಂಭಾಗ ಏಳುವ ವೇಗ ಕಡಮೆಯಾಗುತ್ತದೆಯೇ ಹೊರತು ಏಳುವುದು ತಪ್ಪುವುದಿಲ್ಲ. ಪಾಲಿಯುರೆಥೇನ್ ಬುಷ್‌ಗಳು ಬಾಳಿಕೆಗೆ ಒಳ್ಳೆಯವು; ಅದಕ್ಕಿಂತ ಹೆಚ್ಚಿನ ಮಹಿಮೆಯನ್ನು ಅವಕ್ಕೆ ಆರೋಪಿಸುವ ಅಗತ್ಯವಿಲ್ಲ.

ಬೇರನ್ನು ಮುಟ್ಟುವ ಪರಿಹಾರ ಹೆರಾಲ್ಡಿಗೂ ಸ್ವಿಂಗ್ ಸ್ಪ್ರಿಂಗೇ. ಸ್ಪಿಟ್‌ಫೈರಿನ ಕಮಾನು ಇಬ್ಬರ ಹಗುರವಾದ ಕಾರಿಗೆಂದು ಮಾಡಿದುದರಿಂದ, ನಾಲ್ವರನ್ನು ಹೊರುವ ಹೆರಾಲ್ಡಿಗೆ ಅದಕ್ಕೆ ತಕ್ಕ ಬಲವುಳ್ಳ ಕಮಾನನ್ನೇ ಆರಿಸಬೇಕು. ಕೆಲಸದ ಕ್ರಮ ಹೀಗೆ: ಚಾಸಿಯನ್ನು ಜಾಕಿಯಿಂದೆತ್ತಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರಗಳನ್ನು ಕಳಚಿ, ಒಂದು ಲಂಬಕೊಂಡಿಯ ಕೆಳಗೆ ಜಾಕಿಯನ್ನು ಕೊಟ್ಟು, ಸ್ಪ್ರಿಂಗಿನ ಒತ್ತಡ ಜಾಕಿಯ ಮೇಲೆ ಬಿದ್ದನಂತರವೇ ಶಾಕ್ ಅಬ್ಸಾರ್ಬರನ್ನು ಬಿಡಿಸಿ, ಆಮೇಲೆ ಜಾಕಿಯನ್ನು ಮೆಲ್ಲಮೆಲ್ಲನೆ ಇಳಿಸಬೇಕು, ಶಾಕ್ ಅಬ್ಸಾರ್ಬರೇ ಅಚ್ಚು ಕೆಳಗೆ ಬೀಳದಂತೆ ಹಿಡಿದಿರುವ ಕಟ್ಟಾದುದರಿಂದ ಈ ಕ್ರಮವನ್ನು ಮೀರಿದವರ ಕೈಬೆರಳುಗಳಿಗೆ ಅಪಾಯ ತಪ್ಪಿದ್ದಲ್ಲ. ಎರಡು ಕಡೆಯೂ ಇಳಿದಮೇಲೆ ಕಮಾನಿನ ಕಣ್ಣಿನ ಬೋಲ್ಟುಗಳನ್ನು ಹೊಡೆದು ತೆಗೆಯಬೇಕು. ಹಲವು ವರ್ಷ ನೀರು ಕುಡಿದ ಬೋಲ್ಟು ಬುಷ್ಷಿನೊಳಗೆ ತುಕ್ಕಿನಿಂದ ಬೆಸೆದುಹೋಗಿರುವುದುಂಟು, ಆಗ ಗರಗಸವೇ ಗತಿ. ಹಿಂದಿನ ಆಸನದ ಭಾಗದಲ್ಲಿರುವ ತಗಡಿನ ಮುಚ್ಚಳವನ್ನು ಬಿಚ್ಚಿದರೆ, ಡಿಫರೆನ್ಶಿಯಲ್ಲಿನ ನೆತ್ತಿಯ ನಟ್ಟುಗಳು ಕಾರಿನ ಒಳಗಿನಿಂದಲೇ ಪಾನಕ್ಕೆ ಸಿಗುತ್ತವೆ. ಹಳೆಯ ಕಮಾನನ್ನು ಪಕ್ಕದಿಂದ ಎಳೆದು, ಹೊಸದಕ್ಕೆ ಬೇಕಾದಂತೆ ಸ್ಟಡ್ಡುಗಳನ್ನು ಬದಲಿಸಿ, ಸ್ವಿಂಗ್ ಸ್ಪ್ರಿಂಗನ್ನು ಮುಂದು ಹಿಂದಾಗದಂತೆ ನೋಡಿ ಕೂರಿಸತಕ್ಕದ್ದು. ಕಣ್ಣಿನ ಬೋಲ್ಟುಗಳನ್ನೂ ಸರಳಿನ ಬೋಲ್ಟುಗಳನ್ನೂ ಆಗಲೇ ಪೂರ್ತಿ ಬಿಗಿಯಬಾರದು. ಚಕ್ರ ತೊಡಿಸಿ, ಕಾರನ್ನು ನೆಲಕ್ಕಿಳಿಸಿ, ಒಂದೆರಡು ಬಾರಿ ಹಿಂದಕ್ಕೂ ಮುಂದಕ್ಕೂ ಉರುಳಿಸಿ, ಒಳಗೆ ಜನರನ್ನು ಕೂರಿಸಿ, ಅದು ತನ್ನ ಸಹಜವಾದ ಎತ್ತರದಲ್ಲಿ ನಿಂತಮೇಲೆ ಬಿಗಿದರೆ ಮಾತ್ರ ರಬ್ಬರು ತಿರುಚಿಕೊಳ್ಳದೆ ಬಹುಕಾಲ ಬಾಳುತ್ತದೆ. ದಪ್ಪನೆಯ ಆಂಟಿ-ರೋಲ್ ಬಾರನ್ನು ಮುಂದೆ ಹಾಕದಿದ್ದರೆ ಕೆಲಸ ಅರ್ಧವೇ ಆದಂತೆ. ಅದಿಲ್ಲದ ಕಾರು ತಿರುವಿನಲ್ಲಿ ಅತಿಯಾಗಿ ವಾಲುತ್ತದೆ.

ವಿಟೆಸ್ಸೆಯ ರೋಟೊಫ್ಲೆಕ್ಸ್ ಹಿಂಬದಿಯನ್ನು ಹೆರಾಲ್ಡಿಗೆ ಕಸಿ ಮಾಡುವವರೂ ಇದ್ದಾರೆ, ರಬ್ಬರಿನ ಬದಲು ಈಗಿನ ಕಾರುಗಳಲ್ಲಿರುವಂಥ ಸಿವಿ ಜಾಯಿಂಟುಗಳನ್ನು ಜೋಡಿಸಿದ ಅಚ್ಚುಗಳೂ ಬ್ರಿಟನ್ನಿನಲ್ಲಿ ಮಾರಾಟಕ್ಕಿವೆ. ಇದಕ್ಕೆ ಚಾಸಿಯ ಮೇಲೆ ವಿಶ್‌ಬೋನಿನ ಬ್ರಾಕೆಟ್ಟುಗಳನ್ನು ಬೆಸುಗೆ ಹಾಕಬೇಕು, ಶಾಕ್ ಅಬ್ಸಾರ್ಬರಿನ ನೆಲೆಯನ್ನು ಬದಲಿಸಬೇಕು. ಎಂಜಿನ್ನಿನ ಶಕ್ತಿಯನ್ನು ಇಮ್ಮಡಿಗೂ ಮೀರಿ ಹೆಚ್ಚಿಸಿ ಸ್ಪರ್ಧೆಗೆ ಇಳಿಸುವ ಕಾರಿಗೆ ಈ ಶ್ರಮ ಸಾರ್ಥಕವಾದೀತು. ಭಾರತದಲ್ಲಿ ಮಾತ್ರ, 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಿರ್ದೇಶಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುವುದರಿಂದ, ಚಾಸಿಗೆ ಬೆಸುಗೆ ಮುಟ್ಟಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅತ್ಯವಶ್ಯ.

ರವಿವಾರದಂದು ಮನೆಯವರನ್ನು ಕೂರಿಸಿಕೊಂಡು ಹೊರಡುವ ಹೆರಾಲ್ಡಿಗೆ ಹೊಸ ಬುಷ್‌ಗಳು, ಸರಿಯಾದ ಟೈರುಗಳು, ಒಂದು ಸ್ವಿಂಗ್ ಸ್ಪ್ರಿಂಗ್, ಅದಕ್ಕೆ ಜೊತೆಯಾದ ಮುಂಬದಿಯ ಬಾರು, ಇಷ್ಟು ಸಾಕು. ಕಂಪನಿಯ ಎಂಜಿನಿಯರುಗಳೂ ಕೊನೆಗೆ ನಿಂತದ್ದು ಈ ನಿಲುವಿನಲ್ಲಿಯೇ: 1980ರ ಆಗಸ್ಟ್ ತಿಂಗಳಿನಲ್ಲಿ ಕವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಿಂದ ಹೊರಬಂದ ಕಟ್ಟಕಡೆಯ ಸ್ಪಿಟ್‌ಫೈರಿನ ಹಿಂಬದಿಯಲ್ಲಿ ಇದ್ದುದು ಸ್ವಿಂಗ್ ಆಕ್ಸಲು ಮತ್ತು ಸ್ವಿಂಗ್ ಸ್ಪ್ರಿಂಗ್.